ಮನೆ ಬಿಡಿ ಅಂದದ್ದು ಗಾಳಿಗಲ್ಲ ಸಾರ್, ನೀರಿಗೆ

ಶ್ರೀರಂಗಪಟ್ಟಣದ ಹಿರಿಯ ಓದುಗರೊಬ್ಬರ ಪತ್ರ ಬಂದಿದೆ. ಅವರ ಅಳಿಯ ಒಡಿಶಾದ ಪಾರಾದೀಪ್‌ನಲ್ಲಿ ಕೆಲಸದಲ್ಲಿದ್ದಾರೆ. ಚಂಡಮಾರುತ ಬರುತ್ತದೆ ಅಂತ ಒಮ್ಮೆ ಮನೆ ಖಾಲಿ ಮಾಡಿಸಿದರಂತೆ. ಮಗಳು ಕೈಗೂಸು ಕಟ್ಟಿಕೊಂಡು ಶಾಲೆಯ ನೆಲದ ಮೇಲೆ ರಾತ್ರಿ ಕಳೆದಳು, ಕೊನೆಗೆ ಮನೆಗೆ ಏನೂ ಆಗಲಿಲ್ಲ. "ಆರ್‌ಸಿಸಿ ಮನೆ ಗಾಳಿಗೆ ಬೀಳುತ್ತದೆಯೇ? ಕಾವೇರಿ ಪ್ರವಾಹ ಕಂಡವರು ನಾವು, ನೀರು ಬಂದರೆ ತಾರಸಿ ಹತ್ತಿದರಾಯಿತು. ಮುಂದಿನ ಸಲ ಹೋಗಬೇಡಿ ಅನ್ನೋಣ ಅಂತಿದ್ದೇನೆ" ಅಂತ ಬರೆದಿದ್ದಾರೆ.

ದಯವಿಟ್ಟು ಹಾಗೆ ಹೇಳಬೇಡಿ ಸಾರ್. ನಿಮ್ಮ ಮಗಳ ಕಷ್ಟ ಅರ್ಥವಾಗುತ್ತದೆ. ಆದರೆ ಅವರನ್ನು ಹೊರಡಿಸಿದ್ದು ಗಾಳಿಗೆ ಹೆದರಿ ಅಲ್ಲ, ಸಮುದ್ರಕ್ಕೆ ಹೆದರಿ.

ನಮ್ಮ ಕಾವೇರಿ ಏರುವ ರೀತಿ ನಿಮಗೆ ಗೊತ್ತು. ಕೊಡಗಿನಲ್ಲಿ ಮಳೆ, ಕೆಆರ್‌ಎಸ್ ತುಂಬುತ್ತದೆ, ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಟಿವಿಯಲ್ಲಿ ಬರುತ್ತದೆ, ವೆಲ್ಲೆಸ್ಲಿ ಸೇತುವೆ ಮೇಲೆ ಓಡಾಟ ನಿಲ್ಲಿಸುತ್ತಾರೆ. ದನ ಕರು ಹೊಡೆದುಕೊಂಡು ಮೇಲಕ್ಕೆ ಹೋಗಲು ಹೊತ್ತು ಸಿಗುತ್ತದೆ. ಸಮುದ್ರಕ್ಕೆ ಗೇಟೂ ಇಲ್ಲ, ಕ್ಯೂಸೆಕ್ಕೂ ಇಲ್ಲ. ಚಂಡಮಾರುತದ ಗಾಳಿ ಗಂಟೆಗಟ್ಟಲೆ ನೀರನ್ನು ದಡದ ಕಡೆಗೆ ತಳ್ಳುತ್ತಲೇ ಇರುತ್ತದೆ. ಆಳ ಇರುವ ಕಡೆ ಆ ನೀರು ಅಡಿಯಿಂದ ವಾಪಸ್ ಹರಿದುಹೋಗುತ್ತದೆ. ತೀರದ ಹತ್ತಿರ ಆಳವೇ ಇಲ್ಲ, ಹೋಗಲು ಜಾಗ ಇಲ್ಲ, ಹಾಗಾಗಿ ಮೇಲಕ್ಕೇರಿ ಊರೊಳಗೆ ನುಗ್ಗುತ್ತದೆ. ಇದನ್ನೇ ಸ್ಟಾರ್ಮ್ ಸರ್ಜ್ ಅನ್ನುವುದು. ವಾಯುಭಾರ ಕುಸಿದಾಗಲೂ ನೀರು ಉಬ್ಬುತ್ತದೆ, ಆದರೆ ಭಾರ ಒಂದು ಮಿಲಿಬಾರ್ (ವಾಯುಭಾರದ ಅಳತೆ) ಇಳಿದರೆ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ದೊಡ್ಡ ಪಾಲು ಗಾಳಿಯದ್ದೇ. ಅದೇ ಹೊತ್ತಿಗೆ ಸಮುದ್ರದ ಉಬ್ಬರವೂ ಸೇರಿಕೊಂಡರೆ ಮುಗಿಯಿತು.

ಬಂಗಾಳ ಕೊಲ್ಲಿಯ ಉತ್ತರದ ತುದಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಳ ಕಡಿಮೆ, ಹೋಗ್ತಾ ಹೋಗ್ತಾ ಆಲಿಕೆಯ ಹಾಗೆ ಕಿರಿದಾಗುತ್ತದೆ. 1970ರ ನವೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ಭೋಲಾ ದ್ವೀಪದ ಸುತ್ತಮುತ್ತ ಒಂದೇ ರಾತ್ರಿಯಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರು. ಹೆಚ್ಚಿನವರು ನೀರಿಗೆ ಸಿಕ್ಕಿಯೇ. 1977ರಲ್ಲಿ ಆಂಧ್ರದ ದಿವಿಸೀಮೆಯಲ್ಲೂ ಊರೂರುಗಳೇ ಕೊಚ್ಚಿಹೋದವು.

ಈಗ ನಿಮ್ಮ ತಾರಸಿಯ ಮಾತು. 1999ರ ಅಕ್ಟೋಬರ್ 29ರಂದು ಸೂಪರ್ ಸೈಕ್ಲೋನ್ ದಡಕ್ಕೆ ಬಂದದ್ದು ಇದೇ ಪಾರಾದೀಪ್ ಹತ್ತಿರ. ನೀರು 5ರಿಂದ 6 ಮೀಟರ್ ಏರಿತ್ತು, ಅಂದರೆ 16ರಿಂದ 20 ಅಡಿ. ಒಂದಂತಸ್ತಿನ ಮನೆಯ ತಾರಸಿ ಎಷ್ಟು ಎತ್ತರ ಇರುತ್ತದೆ ಸಾರ್? ಹತ್ತು, ಹನ್ನೊಂದು ಅಡಿ. ಆ ಕರಾವಳಿಯ ನೆಲ ಸಮುದ್ರಕ್ಕಿಂತ ಜಾಸ್ತಿ ಎತ್ತರವೇನೂ ಇಲ್ಲ. ಏರಿದ ನೀರಿನ ಮೇಲೆ ಅಲೆಗಳು ಬೇರೆ. ಗಂಟೆಗೆ 250 ಕಿಲೋಮೀಟರ್ ಮೀರಿದ ಗಾಳಿಯಲ್ಲಿ ಕೂಸು ಎತ್ತಿಕೊಂಡು ತಾರಸಿ ಮೇಲೆ ನಿಲ್ಲುವುದು ಆಗುವ ಮಾತಾ? ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ, ಅದು ಓಡಿ ಬಂದು ಗೋಡೆಗೆ ಬಡಿಯುತ್ತದೆ. ಜೊತೆಯಲ್ಲಿ ಮರ, ದೋಣಿ, ಕಿತ್ತುಬಂದ ತಗಡು ಎಲ್ಲ ಇರುತ್ತದೆ. ಆ ಸಲ ಒಡಿಶಾದಲ್ಲಿ ಸುಮಾರು 10,000 ಜನ ಹೋದರು. ಅತಿ ಹೆಚ್ಚು ಸಾವು ಜಗತ್‌ಸಿಂಗ್‌ಪುರ ಜಿಲ್ಲೆಯಲ್ಲಿ. ನಿಮ್ಮ ಅಳಿಯ ಇರುವ ಜಿಲ್ಲೆ ಅದೇ.

ಅದಾದ ಮೇಲೆ ಒಡಿಶಾದವರು ಕರಾವಳಿ ಉದ್ದಕ್ಕೂ ಕಂಬಗಳ ಮೇಲೆ ಎತ್ತರಿಸಿದ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಎಷ್ಟೋ ಕಡೆ ಉಳಿದ ದಿನ ಅವೇ ಶಾಲೆ. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದರು, ಸಾವು 50ರ ಆಸುಪಾಸಿನಲ್ಲಿ ನಿಂತಿತು. ನೀರು 1999ರಷ್ಟು ಏರಲಿಲ್ಲ, ಅದೂ ನಿಜ. ಆದರೆ ಜನ ಎದ್ದು ಹೊರಟದ್ದರಿಂದ ಉಳಿದ ಜೀವಗಳು ಅದೆಷ್ಟೋ, ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

'ಏನೂ ಆಗಲಿಲ್ಲ' ಅಂತ ಬರೆದಿದ್ದೀರಲ್ಲ, ಅದಕ್ಕೂ ಕಾರಣ ಇದೆ. ನಮ್ಮ ಕಡೆ ಚಂಡಮಾರುತ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತದೆ. ಅದು ಸಾಗುವ ದಾರಿಯ ಬಲಗಡೆ ಗಾಳಿ ನೀರನ್ನು ದಡಕ್ಕೆ ದೂಡುತ್ತದೆ, ಎಡಗಡೆ ದಡದಿಂದ ಆಚೆಗೆ. ದಾರಿ ಸ್ವಲ್ಪ ಆಚೀಚೆ ಆದರೂ ಒಂದೂರು ಮುಳುಗಿ ಪಕ್ಕದೂರು ಬಚಾವಾಗುತ್ತದೆ. ಕೆಲವು ಕಡೆ ನೀರು ಹಿಂದೆ ಸರಿದು ಮರಳು ಕಾಣುವುದೂ ಉಂಟು. ಅದನ್ನು ನೋಡಲು ಇಳಿದರೆ ಅಪಾಯ, ಗಾಳಿ ತಿರುಗಿದ ಕೂಡಲೇ ನೀರು ವಾಪಸ್ ಬರುತ್ತದೆ.

ಇನ್ನೊಂದು ಮಾತು, ಇದು ಮಂಡ್ಯ ಕಡೆಯವರಿಗೆ ಬೇಗ ತಟ್ಟುತ್ತದೆ. ನಾಲೆ ನೀರು ಜಾಸ್ತಿಯಾಗಿ ಚೌಳಾದ ಗದ್ದೆಯನ್ನು ನೀವು ನೋಡಿರುತ್ತೀರಿ. 2009ರಲ್ಲಿ ಐಲಾ ಚಂಡಮಾರುತ ಬಂದಾಗ ಸುಂದರಬನದ ಒಡ್ಡುಗಳು ಒಡೆದು ಸಮುದ್ರದ ನೀರು ಗದ್ದೆಗೆ ನುಗ್ಗಿತು. ಕೆರೆ ಉಪ್ಪಾಯಿತು, ಕುಡಿಯುವ ನೀರೂ ಕೆಟ್ಟಿತು. ವರ್ಷಗಟ್ಟಲೆ ಭತ್ತ ಸರಿಯಾಗಿ ಏಳಲಿಲ್ಲ, ಎಷ್ಟೋ ರೈತರು ಕೂಲಿ ಹುಡುಕಿಕೊಂಡು ಊರು ಬಿಟ್ಟರು.

ಅಳಿಯಂದಿರಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಗಾಳಿಯ ವೇಗದ ಜೊತೆಗೆ, ಉಬ್ಬರದ ಮಟ್ಟಕ್ಕಿಂತ ಎಷ್ಟು ಮೀಟರ್ ಮೇಲೆ ನೀರು ಏರಬಹುದು ಅಂತಲೂ ಇರುತ್ತದೆ. ಆ ಸಾಲನ್ನು ಮೊದಲು ಓದಲಿ. ಹೊರಡಿ ಅಂದ ದಿನವೇ, ಬೆಳಕಿರುವಾಗಲೇ ಹೊರಡಲಿ. ಮಗುವಿನ ಹಾಲಿನ ಪುಡಿ, ಔಷಧಿ, ಕುಡಿಯುವ ನೀರು, ಟಾರ್ಚು, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಕಾಗದಪತ್ರ ಒಂದೇ ಚೀಲದಲ್ಲಿ ಸಿದ್ಧ ಇರಲಿ. ನಡುವೆ ಗಾಳಿ ನಿಂತು ಆಕಾಶ ತಿಳಿಯಾದರೂ ಆಚೆ ಬರಬಾರದು. ಚಂಡಮಾರುತದ ಕಣ್ಣು ಹಾದುಹೋಗುವಾಗ ಹಾಗಾಗುತ್ತದೆ, ಇನ್ನರ್ಧ ಬಾಕಿ ಇರುತ್ತದೆ. ಮಗಳು ಮಗು ಕರೆದುಕೊಂಡು ಮೊದಲೇ ನಿಮ್ಮ ಮನೆಗೆ ಬಂದುಬಿಡುವುದಾದರೆ ಇನ್ನೂ ಒಳ್ಳೆಯದು, ರೈಲು ನಿಲ್ಲಿಸುವ ಮುಂಚೆ ಟಿಕೆಟ್ ಮಾಡಿಸಿ.

— ಸಂಪಾದಕ, ಮೈಸೂರು