ಸಿಹಿನೀರಿನ ಕಪ್ಪೆಚಿಪ್ಪಿಗೂ ಸಮುದ್ರದ ಡೈನೋಫ್ಲಾಜೆಲೇಟ್‌ಗೂ ಏನು ವ್ಯತ್ಯಾಸ?

ನೀರಲ್ಲಿರುವುದು ಬಿಟ್ಟರೆ ಹೋಲಿಕೆ ಕಡಿಮೆ. ಕಪ್ಪೆಚಿಪ್ಪು ಹೃದಯ, ಕಿವಿರು, ಸ್ನಾಯುವಿನ ಕಾಲು ಇರುವ ಮೃದ್ವಂಗಿ. ಡೈನೋಫ್ಲಾಜೆಲೇಟ್ ಏಕಕೋಶ ಜೀವಿ. ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ. ಅದಕ್ಕೆ ಎರಡು ಕಶಾಂಗ (ಈಜಲು ನೆರವಾಗುವ ಚಾವಟಿಯಂಥ ಎಳೆ): ಒಂದು ಸೊಂಟದ ಸುತ್ತಲಿನ ತೋಡಿನಲ್ಲಿ ಅಲೆಯಾಡುತ್ತದೆ, ಇನ್ನೊಂದು ಬಾಲದಂತೆ ಹಿಂದಕ್ಕೆ ಚಾಚಿರುತ್ತದೆ. ಹಾಗಾಗಿ ಬುಗುರಿಯಂತೆ ಸುತ್ತುತ್ತ ಸಾಗುತ್ತದೆ. ಕವಚವಿದ್ದರೆ ಅದು ಸೆಲ್ಯುಲೋಸ್ ಫಲಕಗಳದ್ದು. ಕಪ್ಪೆಚಿಪ್ಪಿನದು ಕ್ಯಾಲ್ಸಿಯಂ ಕಾರ್ಬೊನೇಟ್.

ಡೈನೋಫ್ಲಾಜೆಲೇಟ್ ಸಾಮಾನ್ಯವಾಗಿ ಎರಡಾಗಿ ಸೀಳಿ ಹೆಚ್ಚುತ್ತದೆ. ಕಪ್ಪೆಚಿಪ್ಪಿನದು ಪಡಿಪಾಟಲು: ಬಹುತೇಕ ಜಾತಿಗಳ ಮರಿಗಳು ಮೊದಲು ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಪರಾವಲಂಬಿಯಾಗಿ ಬದುಕಬೇಕು. ಆ ಮೀನು ಮಾಯವಾದರೆ ಸಂತತಿಯೂ ನಿಂತಿತು.

ಇವೆರಡೂ ಪ್ರಕೃತಿಯಲ್ಲಿ ಭೇಟಿಯಾಗುವುದಿಲ್ಲ. ಆದರೆ ಸಮುದ್ರದ ಕಪ್ಪೆಚಿಪ್ಪು ಅಲೆಗ್ಸಾಂಡ್ರಿಯಂನಂಥ ಡೈನೋಫ್ಲಾಜೆಲೇಟ್‌ಗಳನ್ನು ಸೋಸಿ ತಿಂದರೆ ಸ್ಯಾಕ್ಸಿಟಾಕ್ಸಿನ್ ವಿಷ ಮಾಂಸದಲ್ಲಿ ಸೇರಿಕೊಳ್ಳಬಹುದು. ಬೇಯಿಸಿದರೂ ಅದು ಹೋಗದು.