ಕರುವಿನ ಹುಳುಕಡ್ಡಿ ನಮ್ಮ ಕೈಯಲ್ಲೇಕೆ ಕೀವಾಗುತ್ತದೆ?

ಪ್ರಶ್ನೆ: ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಈ ಮಳೆಗಾಲ ಆರು ತಿಂಗಳ ಕರುವಿನ ಕಣ್ಣಿನ ಸುತ್ತ ಬೂದು ಬಣ್ಣದ ಹಕ್ಕಳೆ ಎದ್ದು ಕೂದಲು ಉದುರಿದೆ. ಅದಕ್ಕೆ ಅಷ್ಟೇನೂ ತುರಿಕೆ ಇದ್ದಂತಿಲ್ಲ. ಅದನ್ನು ಕಟ್ಟಿ ಬಿಚ್ಚುವ ನನ್ನ ಮುಂಗೈಯಲ್ಲಿ ಮಾತ್ರ ಹುಳುಕಡ್ಡಿ ಊದಿಕೊಂಡು ಕೀವಾಗಿದೆ. ಅದೇ ಕೊಟ್ಟಿಗೆಯ ಹಳೆಯ ಹಸುವಿಗೆ ಏನೂ ಆಗಿಲ್ಲ. ಹೀಗೇಕೆ? ನಮ್ಮ ಯಜಮಾನರು ತಮ್ಮ ತೊಡೆಸಂದಿನ ಹುಳುಕಡ್ಡಿಗೆ ಮೆಡಿಕಲ್ ಅಂಗಡಿಯಿಂದ ತಂದ ಮುಲಾಮನ್ನೇ ನಾನೂ ಹಚ್ಚಬಹುದೇ?

ಉತ್ತರ: ಕರುಗಳಲ್ಲಿ ಹೀಗೆ ಕಾಣುವ ಹುಳುಕಡ್ಡಿಗೆ ಸಾಮಾನ್ಯವಾಗಿ ಟ್ರೈಕೋಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರ ಕಾರಣ. ಅದು ಚರ್ಮದ ಸತ್ತ ಮೇಲ್ಪದರದಲ್ಲಿ ಮತ್ತು ಕೂದಲಲ್ಲಿ ಇರುವ ಕೆರಟಿನ್ ಎಂಬ ಗಟ್ಟಿ ಪ್ರೋಟೀನನ್ನು ತಿಂದು ಬದುಕುತ್ತದೆ. ರಕ್ತನಾಳಗಳೇ ಇಲ್ಲದ ಆ ಪದರಕ್ಕೆ ಬಿಳಿ ರಕ್ತಕಣಗಳು ಸುಲಭವಾಗಿ ತಲುಪಲಾರವು. ಆದರೂ ದೇಹಕ್ಕೆ ಸುಳಿವು ಸಿಗುತ್ತದೆ. ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಬೀಟಾ ಗ್ಲುಕಾನ್ ಎಂಬ ಸಕ್ಕರೆಯ ಸರಪಳಿ ನಮ್ಮ ಮೈಯಲ್ಲಾಗಲಿ ದನದ ಮೈಯಲ್ಲಾಗಲಿ ತಯಾರಾಗುವುದಿಲ್ಲ. ನಮ್ಮ ರಕ್ಷಣಾ ಕೋಶಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಅದನ್ನು ಗುರುತು ಹಿಡಿಯುತ್ತದೆಂಬುದು 2001ರಲ್ಲಿ ತಿಳಿಯಿತು. ಆ ಸುಳಿವಿನ ಮೇಲೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸುತ್ತವೆ, ಒಮ್ಮೆ ಕಂಡ ರೋಗಾಣುವನ್ನು ನೆನಪಿಡಬಲ್ಲ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಎಚ್ಚರಗೊಳ್ಳುತ್ತವೆ, ಚರ್ಮವು ತನ್ನ ಮೇಲ್ಪದರವನ್ನು ಎಂದಿಗಿಂತ ಬೇಗ ಉದುರಿಸತೊಡಗುತ್ತದೆ. ನೀವು ನೋಡಿದ ಹಕ್ಕಳೆಯಲ್ಲಿ ಅರ್ಧ ರೋಗ, ಅರ್ಧ ಪ್ರತಿರೋಧ.

ಈ ಶಿಲೀಂಧ್ರ ದನದ ಚರ್ಮಕ್ಕೆ ಹೊಂದಿಕೊಂಡಿದೆ. ಮನುಷ್ಯರ ಮೈಗೆ ಅದು ಅಪರಿಚಿತವಾದ್ದರಿಂದ ನಿಮ್ಮ ಕೈ ಅಷ್ಟು ಉಗ್ರವಾಗಿ ಪ್ರತಿಕ್ರಿಯಿಸಿದೆ. ಮನುಷ್ಯರಿಗೇ ಒಗ್ಗಿಹೋದ ಟ್ರೈಕೋಫೈಟಾನ್ ರುಬ್ರಮ್ ಇದಕ್ಕೆ ತದ್ವಿರುದ್ಧ: ತನ್ನ ಕೋಶಭಿತ್ತಿಯ ಮನ್ನಾನ್ ಎಂಬ ಇನ್ನೊಂದು ಸಕ್ಕರೆಯ ಸರಪಳಿಯಿಂದ ಪ್ರತಿರೋಧವನ್ನೇ ಮಂಕಾಗಿಸಿ, ಹೆಚ್ಚು ಗದ್ದಲವಿಲ್ಲದೆ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಹಳೆಯ ಹಸು ಬಹುಶಃ ಕರುವಾಗಿದ್ದಾಗಲೇ ಇದನ್ನು ಅನುಭವಿಸಿ ಗೆದ್ದಿರಬೇಕು. ಇಲ್ಲಿ ಕಾಯುವುದು ಮುಖ್ಯವಾಗಿ ಟಿ ಕೋಶಗಳ ನೆನಪು. ರಕ್ತದಲ್ಲಿ ಪ್ರತಿಕಾಯಗಳು ಕಂಡರೂ ಅವುಗಳ ಪಾತ್ರ ಗೌಣ. ಇದೇ ನೆನಪನ್ನು ಮೂಡಿಸಲು ಸೋವಿಯತ್ ಒಕ್ಕೂಟದಲ್ಲಿ ದುರ್ಬಲಗೊಳಿಸಿದ ಜೀವಂತ ಶಿಲೀಂಧ್ರದ ಲಸಿಕೆ ತಯಾರಾಯಿತು. ನಾರ್ವೆಯಲ್ಲಿ ಅದನ್ನು ಕರುಗಳಿಗೆ ವ್ಯಾಪಕವಾಗಿ ಹಾಕಿ ರೋಗವನ್ನು ಬಹುಮಟ್ಟಿಗೆ ಅಡಗಿಸಿದರು. ನಿಮ್ಮ ಕರುವೂ ಕೆಲವು ತಿಂಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಅದು ಬೀಜಕಣಗಳನ್ನು ಹರಡುತ್ತಲೇ ಇರುತ್ತದೆ. ಆದ್ದರಿಂದ ಪಶುವೈದ್ಯರಿಗೆ ತೋರಿಸುವುದೇ ಮೇಲು. ಚಳಿಗೆಂದು ಅದರ ಮೈಮೇಲೆ ಹೊದಿಸಿದ ಗೋಣಿತಾಟನ್ನೂ ಕೊರಳ ಹಗ್ಗವನ್ನೂ ಇನ್ನೊಂದು ಕರುವಿಗೆ ಬಳಸಬೇಡಿ. ಉದುರಿದ ಹಕ್ಕಳೆಯಲ್ಲಿ ಬೀಜಕಣಗಳು ವರ್ಷಗಳವರೆಗೆ ಜೀವ ಹಿಡಿದಿರಬಲ್ಲವು, ನಮ್ಮ ಮಳೆಗಾಲದಲ್ಲಂತೂ ಕೊಟ್ಟಿಗೆ ಒಣಗುವುದೇ ಅಪರೂಪ.

ಇನ್ನು ಆ ಮುಲಾಮಿನ ವಿಚಾರ. ಚೀಟಿಯಿಲ್ಲದೆ ಸಿಗುವ ಹಲವು ಮುಲಾಮುಗಳಲ್ಲಿ ಶಿಲೀಂಧ್ರನಾಶಕದ ಜೊತೆ ಕ್ಲೋಬೆಟಾಸಾಲ್, ಬೆಟಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಇಳಿಯುವುದು ಶಿಲೀಂಧ್ರ ಸತ್ತಿದ್ದರಿಂದಲ್ಲ, ಪ್ರತಿರೋಧ ಅಡಗಿದ್ದರಿಂದ. ನಿಲ್ಲಿಸಿದೊಡನೆ ವೃತ್ತ ಮತ್ತಷ್ಟು ಅಗಲವಾಗಿ ಮರಳುತ್ತದೆ. ಯಜಮಾನರು ಅದನ್ನು ಬಿಟ್ಟು ಚರ್ಮರೋಗ ತಜ್ಞರನ್ನು ಕಾಣಲಿ. ನೀವೂ ಹೋಗಿ, ಹೋದಾಗ ಕರುವಿನ ಸಂಗತಿಯನ್ನು ಮೊದಲೇ ಹೇಳಿ: ಕೀವು ತುಂಬಿದ ಇಂಥ ಗಂಟನ್ನು ಬ್ಯಾಕ್ಟೀರಿಯಾದ ಕುರು ಎಂದು ತಿಳಿದು ಕೊಯ್ದುಬಿಡುವುದುಂಟು.