14.099 ಖಾಲಿ ಇತ್ತಲ್ಲ, ಮತ್ಯಾಕೆ ಎಬ್ಬಿಸಿದ್ರು?

ಪ್ರಶ್ನೆ: ಸರ್, ನಾನು ಹೊಸ ಹ್ಯಾಮ್ (ಹವ್ಯಾಸಿ ರೇಡಿಯೋದವ), ಲೈಸೆನ್ಸ್ ಬಂದು ಎರಡು ತಿಂಗಳಾಯ್ತು. ಮೊನ್ನೆ ಸಂಜೆ 20 ಮೀಟರ್ ಬ್ಯಾಂಡಲ್ಲಿ 14.099 ಖಾಲಿ ಕಾಣ್ತು ಅಂತ ಮೈಕ್ ಹಿಡಿದು ಸಿಕ್ಯೂ (ಯಾರಾದ್ರೂ ಮಾತಿಗೆ ಬನ್ನಿ ಅನ್ನೋ ಕರೆ) ಕರೆದೆ. ಯಾರೋ ಬಂದು "ಓಎಂ (ಅಂದ್ರೆ ಗೆಳೆಯಾ), ಬ್ಯಾಂಡ್ ಪ್ಲಾನ್ ನೋಡ್ಕೊಳ್ಳಿ, ಇಲ್ಲಿಂದ ಎದ್ದೇಳಿ" ಅಂದ್ರು. ನನಗೆ 14.000ದಿಂದ 14.350 ಮೆಗಾಹರ್ಟ್ಸ್ ತನಕ ಪರ್ಮಿಶನ್ ಇದೆಯಲ್ಲ, ಬ್ಯಾಂಡ್ ಪ್ಲಾನ್ ಏನು ಕಾನೂನಾ?

ಉತ್ತರ: ಕಾನೂನಲ್ಲ, ಬ್ಯಾಂಡಿನ ಯಾವ ಭಾಗದಲ್ಲಿ ಯಾವ ಥರದ ಸಿಗ್ನಲ್ ಅಂತ ಹ್ಯಾಮ್‌ಗಳೇ ಮಾಡ್ಕೊಂಡ ಹಂಚಿಕೆ. ಆದ್ರೂ ಅವರು ಹೇಳಿದ್ದು ಸರಿ. ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು ಅಷ್ಟೆ.

ಮೊದಲು ನಿಮ್ಮ ರೇಡಿಯೋ ಏನು ಮಾಡ್ತು ನೋಡಿ. 20 ಮೀಟರಲ್ಲಿ ನಾವು ಮಾತಾಡೋದು ಯುಎಸ್‌ಬಿಯಲ್ಲಿ, ಅಂದ್ರೆ ಅಪ್ಪರ್ ಸೈಡ್‌ಬ್ಯಾಂಡಲ್ಲಿ, ಹಾಗಾಗಿ ಡಯಲ್ 14.099 ತೋರಿಸ್ತಿದ್ರೂ ನಿಮ್ಮ ದನಿ ಅಲ್ಲಿಂದ ಮೇಲಕ್ಕೆ ಹೆಚ್ಚುಕಮ್ಮಿ 3 ಕಿಲೋಹರ್ಟ್ಸ್ ಹರಡ್ಕೊಳ್ಳುತ್ತೆ, ಮಧ್ಯದಲ್ಲೇ 14.100 ಸಿಕ್ಕಿಬಿಡ್ತು. ಅಲ್ಲಿ ಯಾವ ಕಡೆಯಿಂದ ಸಿಗ್ನಲ್ ಬರ್ತಿದೆ ಅಂತ ತಿಳಿಯೋಕೆ ಪ್ರಪಂಚದ ಬೇರೆ ಬೇರೆ ಕಡೆ ಇಟ್ಟಿರೋ 18 ಬೀಕನ್‌ಗಳು ಸರದಿ ಮೇಲೆ ಕೂಗ್ತವೆ, ಒಂದೊಂದಕ್ಕೆ 10 ಸೆಕೆಂಡ್, ಮೂರು ನಿಮಿಷಕ್ಕೆ ಒಂದು ಸುತ್ತು. ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಆದ್ಮೇಲೆ ನಾಲ್ಕು ಉದ್ದ ಡ್ಯಾಶ್ ಬರ್ತವೆ, ಮೊದಲನೇದು 100 ವ್ಯಾಟ್, ಆಮೇಲೆ 10, 1, ಕೊನೇದು 0.1 ವ್ಯಾಟ್. ಆ ಕೊನೇ ಡ್ಯಾಶಿಗೆ ಕಿವಿಗೊಟ್ಟು ಕೂತವನಿಗೆ ನಿಮ್ಮ ಸಿಕ್ಯೂ ಹೇಗಿರುತ್ತೆ ಊಹಿಸ್ಕೊಳ್ಳಿ! ನಿಮಗೆ ಆ ಹೊತ್ತಲ್ಲಿ ಒಂದೂ ಕೇಳಿಸಿರಲಿಕ್ಕಿಲ್ಲ, ಅದಕ್ಕೇ ಖಾಲಿ ಅನ್ನಿಸಿದ್ದು.

ಈ ಪ್ಲಾನ್ ಮಾಡೋದು ಐಎಆರ್‌ಯು, 1925ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಹ್ಯಾಮ್ ಸಂಘಗಳ ಒಕ್ಕೂಟ. ಜಗತ್ತನ್ನ ಮೂರು ರೀಜನ್ ಮಾಡಿದ್ದಾರೆ, ನಾವು ಮೂರನೇದು. ಅವರು ಸರ್ಕಾರ ಅಲ್ಲ, ನಿಮ್ಮ ಲೈಸೆನ್ಸ್ ಕಿತ್ಕೊಳ್ಳೋಕೆ ಆಗಲ್ಲ. ಅಮೆರಿಕದ ಕಥೆ ಬೇರೆ, ಅಲ್ಲಿ 14.150ಕ್ಕಿಂತ ಕೆಳಗೆ ಮಾತಾಡೋ ಹಾಗಿಲ್ಲ ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಸಿಸಿ ರೂಲೇ ಇದೆ.

ಹಂಚ್ಕೊಳ್ಳದೆ ಯಾಕೆ ವಿಧಿಯಿಲ್ಲ ಅಂದ್ರೆ, ನಮ್ಮ 40 ಮೀಟರ್ ಬ್ಯಾಂಡ್ ಇರೋದೇ 200 ಕಿಲೋಹರ್ಟ್ಸ್, ಅದೆಲ್ಲಾ ಮಾತಿಗೇ ಕೊಟ್ರೂ ಪಕ್ಕಪಕ್ಕ ಅರವತ್ತು ಚಿಲ್ಲರೆ ಮಾತುಕತೆ ಹಿಡಿದ್ರೆ ಹೆಚ್ಚು. ಅದೇ ಕಂಪ್ಯೂಟರಿಂದ ಕಳಿಸೋ ಡಿಜಿಟಲ್ ವಿಧಾನ ಎಫ್‌ಟಿ8 ಸಿಗ್ನಲ್‌ಗೆ 50 ಹರ್ಟ್ಸ್ ಸಾಕು, ಒಬ್ಬರು ಮಾತಾಡೋ ಜಾಗದಲ್ಲಿ ಹತ್ತಾರು ಸ್ಟೇಷನ್ ಕೂರ್ತವೆ. 30 ಮೀಟರಂತೂ ಬರೀ 50 ಕಿಲೋಹರ್ಟ್ಸ್, ಅದಕ್ಕೇ ಅಲ್ಲಿ ಎಮರ್ಜೆನ್ಸಿ ಬಿಟ್ರೆ ಮಾತು ಬೇಡ ಅಂತ ನಮ್ಮ ನಮ್ಮಲ್ಲೇ ಒಪ್ಪಂದ.

ಹಾಗಂತ ಪ್ಲಾನ್ ಹೆಸರಲ್ಲಿ ಫ್ರೀಕ್ವೆನ್ಸಿ ಯಾರ ಸ್ವಂತದ್ದೂ ಆಗಲ್ಲ. ದಿನಾ ಗೊತ್ತಾದ ಹೊತ್ತಿಗೆ ಒಂದೇ ಫ್ರೀಕ್ವೆನ್ಸೀಲಿ ಸೇರೋ ಗುಂಪಿಗೆ ನೆಟ್ ಅಂತಾರೆ, ಕೆಲವು ನೆಟ್‌ನವರು "ಇದು ದಿನಾ ನಮ್ಮ ಜಾಗ" ಅಂತ ಬಸ್ ಸೀಟಿಗೆ ಟವೆಲ್ ಹಾಕ್ದಂಗೆ ಆಡ್ತಾರೆ, ನನಗೆ ಅದು ಹಿಡಿಸಲ್ಲ. ಮೊದಲು ಬಂದು ಮಾತಾಡ್ತಿರೋರು ಮುಗಿಸ್ಲಿ, ಇಲ್ಲಾ ಅಂದ್ರೆ ನೆಟ್ಟೇ 5 ಕಿಲೋಹರ್ಟ್ಸ್ ಆಚೆ ಸರೀಲಿ.

ನೀವು 14.150 ದಾಟಿ ಹೋಗಿ, ಒಂದೆರಡು ನಿಮಿಷ ಕೇಳಿ, "ಫ್ರೀಕ್ವೆನ್ಸಿ ಯಾರಾದ್ರೂ ಬಳಸ್ತಿದ್ದೀರಾ" ಅಂತ ಎರಡು ಸಲ ಕೇಳಿ ಆಮೇಲೆ ಕರೀರಿ. 14.300 ಎಮರ್ಜೆನ್ಸಿಗೆ ಅಂತ ಇರೋದು, ಅದನ್ನ ಬಿಡಿ. ಮೇಲ್ತುದೀಲಿ ಡಯಲ್ 14.347ಕ್ಕೆ ನಿಲ್ಲಿಸಿ, 14.350ಕ್ಕೇ ಇಟ್ರೆ ದನಿ ಪೂರ್ತಿ ಬ್ಯಾಂಡಿನ ಹೊರಗೆ ಹೋಗುತ್ತೆ, ಅದು ಮಾತ್ರ ನಿಜವಾಗ್ಲೂ ಕಾನೂನು ತಪ್ಪು. 14.100ಕ್ಕೆ ಮೈಕ್ ಇಲ್ದೆ ಹೋಗಿ ಮೂರು ನಿಮಿಷ ಕೂತ್ಕೊಳ್ಳಿ, ಶ್ರೀಲಂಕಾದ ಬೀಕನ್ 4ಎಸ್7ಬಿ ಇಷ್ಟು ಹತ್ತಿರ ಇದ್ರೂ ಸಿಗ್ನಲ್ ನಮ್ಮ ತಲೆ ಮೇಲೆ ಹಾರಿ ಹೋಗಿ ಕೇಳಿಸ್ದೇ ಇರಬಹುದು, ಅದೇ ಹೊತ್ತಲ್ಲಿ ಜಪಾನಿಂದು ಸ್ಪಷ್ಟ ಬರಬಹುದು.